ಭಾವ ನಾಲ್ಕು ನಾಜಲ್ ಆರಿಸಿದ್ದು

ನನ್ನ ಅಕ್ಕನನ್ನು ನೋಡಿ ಒಪ್ಪಲು ನಮ್ಮ ಭಾವ ತೆಗೆದುಕೊಂಡದ್ದು ಅರ್ಧ ತಾಸು. ಒಂದು ಹಳೆಯ ಕಾರಿಗೆ ನಾಲ್ಕು ನಾಜಲ್ ಆರಿಸಲು ತೆಗೆದುಕೊಂಡದ್ದು ಒಂದು ವರ್ಷ, ಎರಡು ತಿಂಗಳು! ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಅಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಅವಳು ಈ ಮಾತು ತೆಗೆದಾಗಲೆಲ್ಲ ಭಾವನ ಉತ್ತರ ಒಂದೇ.

“ನಿನ್ನ ಆರಿಸೂದು ಸಸಾರ ಇತ್ತು. ನೀ ಒಬ್ಬಾಕಿ. ನಾಜಲ್ ನಾಕೂ ಒಂದ ಥರ ಇರಬೇಕು.”

ನಾಜಲ್ ಎಂದರೆ ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗೆ ಎಣ್ಣೆಯನ್ನು ಮಂಜಿನ ಹಾಗೆ ಸಿಂಪಡಿಸುವ ಒಂದು ಪುಟ್ಟ ಪಿಚಕಾರಿ. ಪುಸ್ತಕದಲ್ಲಿ ಅದಕ್ಕೆ ಇಂಜೆಕ್ಟರ್ ಎಂದು ಹೆಸರು. ಆ ಹೆಸರನ್ನು ಭಾವ ಒಮ್ಮೆ ಚಹಾದಂಗಡಿಯಲ್ಲಿ ಆಡಿದ್ದೇ ತಪ್ಪಾಯಿತು. ಇವರ ಕಾರಿಗೆ ಏನೋ ಆಗಿ ನಾಲ್ಕು ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ ಎಂದು ಸಿಂಧನೂರೆಲ್ಲ ಸುದ್ದಿಯಾಯಿತು. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ನನ್ನನ್ನು ಪಕ್ಕಕ್ಕೆ ಕರೆದು, “ಈಗ ಆರಾಮ ಐತೇನು?” ಎಂದು ವಿಚಾರಿಸಿದರು.

ನಾನಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮೂರು ಸಂತೆಕಲ್ಲೂರಿನಿಂದ ಬಂದು ಅಕ್ಕನ ಮನೆಯಲ್ಲಿಯೇ ಉಳಿದಿದ್ದೆ. ಭಾವ ಕಾಲುವೆ ಕೆಲಸದ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮಿಸ್ತ್ರಿ. ಎಡದಂಡೆ ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದವು. ಮಣ್ಣು ಹೊತ್ತು ಸವೆದ ಯಂತ್ರಗಳೆಲ್ಲ ಒಂದೊಂದಾಗಿ ಗುಜರಿ ಸೇರುತ್ತಿದ್ದವು. ಉಳಿದವರಿಗೆ ಅದು ಗುಜರಿ; ಭಾವನಿಗೆ ಬಂಗಾರದ ಅಂಗಡಿ. ಯಾರದೋ ಹಿತ್ತಲಲ್ಲಿ ಕೋಳಿಗಳು ಮಲಗುತ್ತಿದ್ದ ಒಂದು ದೊಡ್ಡ ಕಾರನ್ನು ಎಳೆಸಿಕೊಂಡು ಬಂದರು. ಅದರ ಎಂಜಿನ್ ಸತ್ತಿತ್ತು. ಬಂಡೆ ಒಡೆಯುವ ಕೆಲಸಕ್ಕೆ ಗಾಳಿ ತುಂಬುತ್ತಿದ್ದ ಒಂದು ಹಳೆಯ ಯಂತ್ರದ ಡೀಸೆಲ್ ಎಂಜಿನ್ ಬಿಚ್ಚಿ ಅದಕ್ಕೆ ಕೂಡಿಸಿದರು.

ಕಾರು ಓಡಿತು. ಸಪಾಟು ರಸ್ತೆಯಲ್ಲಿ ಓಡಿತು. ಸಂತೆಕಲ್ಲೂರಿನ ದಾರಿಯ ಮಸ್ಕಿ ಹಳ್ಳಕ್ಕೆ ಇಳಿಯುವಾಗಲಂತೂ ಬಹಳ ಚೆನ್ನಾಗಿ ಓಡಿತು. ಹತ್ತುವಾಗ ಅರ್ಧ ಏರಿನಲ್ಲಿ ನಿಂತಿತು. ಅಕ್ಕ ಮತ್ತು ನಾನು ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ನೂಕುತ್ತಿದ್ದೆವು. ಜೋಳದ ಚೀಲ ಹೇರಿಕೊಂಡು ಬಂದ ಒಂದು ಬಂಡಿ ನಮ್ಮನ್ನು ದಾಟಿ ಹೋಯಿತು. ಬಂಡಿಯಾತ ತಿರುಗಿ ನೋಡಿ, ಬಹಳ ಮರ್ಯಾದೆಯಿಂದ, “ಎತ್ತು ಬಿಚ್ಚಿ ಕೊಡ್ಲೇನ್ರಿ?” ಎಂದು ಕೇಳಿದ.

ಅಂದು ಮನೆಗೆ ಬಂದವರು ಭಾವ ಊಟದ ಮುಂದೆ ಕೂತು ಒಂದೇ ಮಾತು ಹೇಳಿದರು. “ಇದಕ್ಕ ಉಸುರು ಸಾಲವಲ್ದು.”

ಉಸಿರು ತರಲು ಒಂದು ತಿಂಗಳು ಹಿಡಿಯಿತು. ವರ್ಕ್‌ಶಾಪಿನವರು ಬೇಡವೆಂದು ಬಿಸಾಕಿದ ಒಂದು ಟರ್ಬೋವನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಎಂಜಿನ್ ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಮಾನದು. ಆಕಾರ ಮಾತ್ರ ಅಚ್ಚು ಬಸವನಹುಳುವಿನದು. ಅಕ್ಕ ಅದನ್ನು ಸುತ್ತು ಹಾಕಿ ನೋಡಿ ನನ್ನ ಕಡೆ ತಿರುಗಿದಳು.

“ನೋಡವಾ, ಕಾರ್ ಜೋರ ಓಡ್ಲೆಂತ ನಿಮ್ಮ ಭಾವ ಬಸವನಹುಳ ಕಟ್ಟಾಕತ್ಯಾರ.”

ಕಟ್ಟಿದ್ದೂ ಆಯಿತು. ಹೊಸ ಸಾಮಾನು ಸುಂಯ್ ಎಂದು ಹಾಡಿತು, ಆದರೆ ಏರಿನಲ್ಲಿ ಕಾರು ಮತ್ತೆ ಅಲ್ಲಿಯೇ ನಿಂತಿತು. ಯಾಕೆಂದು ನಾನು ಕೇಳಿದೆ. ಭಾವ ಅಡುಗೆಮನೆಯ ಕಡೆ ಕೈ ತೋರಿಸಿದರು. “ಅಕ್ಕೋರ, ಬರೇ ಊದುಗೊಳವಿ ಊದಿದ್ರ ಒಲಿ ಉರಿತೈತೇನು? ಕಟಿಗಿನೂ ಹೆಚ್ಚ ಬೇಕಲ್ಲ. ಗಾಳಿ ಜಾಸ್ತಿ ಆತು, ಎಣ್ಣಿ ಸಾಲವಲ್ದು. ನಾಜಲ್ ದೊಡ್ಡವು ಬೇಕು.” ಶಾಲೆಯ ಟೀಚರುಗಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಭಾವ ನಾದಿನಿಯನ್ನು ಹಾಗೆ ಕರೆಯುತ್ತಿದ್ದದ್ದು ಗೌರವಕ್ಕಲ್ಲ, ಕಾಡಿಸಲಿಕ್ಕೆ.

ದೊಡ್ಡ ನಾಜಲ್ ಬಂದವು, ಮಣ್ಣು ಸಾಗಿಸುವ ದೊಡ್ಡ ಡಂಪರಿನಿಂದ. ಅವನ್ನು ಹಾಕಿದ ದಿನ ಭಾವ ಉತ್ಸಾಹದಿಂದ ನನ್ನನ್ನು ಶಾಲೆಯವರೆಗೆ ಬಿಡಲು ಬಂದರು. ಪ್ರಾರ್ಥನೆಯ ಹೊತ್ತು. ಗೇಟಿನ ಬಳಿ ಕಾರು ತಿರುಗಿಸಿ ಆ್ಯಕ್ಸಿಲರೇಟರ್ ಒತ್ತಿದರು ನೋಡಿ, ಕಾಡಿಗೆಯಂಥ ಹೊಗೆ ಎದ್ದು ಮೂರನೇ ಇಯತ್ತೆಯ ಮಕ್ಕಳ ಸಾಲಿನಿಂದ ಆಚೆಗೆ ಯಾರೂ ಕಾಣಲಿಲ್ಲ. ಕೆಮ್ಮು ಮಾತ್ರ ಕೇಳುತ್ತಿತ್ತು. ಮೋಡ ಕರಗಿದ ಮೇಲೆ ಹೆಡ್‌ಮಿಸ್ಟ್ರೆಸ್ಸರ ಬಿಳಿ ಸೀರೆಯ ಬಣ್ಣ ನಾನು ಹೇಳಬೇಕಾಗಿಲ್ಲ. “ಆರಾಮ ಆಗಿಲ್ಲ ಕಾಣತೈತಿ,” ಎಂದರು ಅವರು.

ಸಣ್ಣದು ಹಾಕಿದರೆ ಸುಸ್ತು, ದೊಡ್ಡದು ಹಾಕಿದರೆ ಮಸಿ. ನಡುವಿನದು ಬೇಕು. ಅದರಲ್ಲೂ ನಾಲ್ಕೂ ಸಮನಾಗಿ ಸಿಂಪಡಿಸಬೇಕು. ಭಾವ ಲಿಂಗಸುಗೂರು, ರಾಯಚೂರು ತಿರುಗಿದರು, ಲಾರಿ ಡ್ರೈವರುಗಳ ಸ್ನೇಹ ಬೆಳೆಸಿದರು, ಎಲ್ಲೆಲ್ಲಿಂದಲೋ ಇಪ್ಪತ್ತಮೂರು ನಾಜಲ್ ಕೂಡಿಹಾಕಿದರು. ಅವನ್ನು ಪರೀಕ್ಷಿಸಲು ಪಡಸಾಲೆಯಲ್ಲಿ ಒಂದು ಕೈಪಂಪು ಹೂಡಿದರು. ಹಿಡಿಕೆ ಒತ್ತಿದರೆ ನಾಜಲ್ಲಿನ ಮೂತಿಯಿಂದ ಡೀಸೆಲ್ ಚಿಮ್ಮಬೇಕು.

“ಕೈ ಮುಂದ ತರಬ್ಯಾಡ್ರಿ ಯಾರೂ. ತೊಗಲು ಕೊರದು ಒಳಗ ಹೋಗತೈತಿ,” ಎಂದು ಗದರುತ್ತಿದ್ದರು. ಒಳ್ಳೆಯ ನಾಜಲ್ ಒತ್ತಿದಾಗ ಕಿರ್ರ್ ಎಂದು ಮಾತಾಡುತ್ತದಂತೆ, ಕೆಟ್ಟದ್ದು ಸುಮ್ಮನೆ ಜೊಲ್ಲು ಸುರಿಸುತ್ತದಂತೆ. ಮುಂದೆ ಕಾಗದ ಹಿಡಿದು, ಅದರ ಮೇಲೆ ಬಿದ್ದ ಎಣ್ಣೆಯ ಕಲೆ ನೋಡಿ ತೀರ್ಮಾನ. ಕಾಗದ ಯಾವುದು? ನಾನು ತಿದ್ದಿ ಮುಗಿಸಿದ ಉತ್ತರಪತ್ರಿಕೆಗಳು. ಒಂದು ವರ್ಷ ಪೂರ್ತಿ ನಮ್ಮ ಮನೆಯಲ್ಲಿ ಸಾರಿಗೂ ಡೀಸೆಲ್ ವಾಸನೆ.

“ಅಕ್ಕೋರ, ಇದಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ?”

“ಮೂವತ್ತೈದು.”

“ಅಂದ್ರ ಪಾಸು?”

“ಕೈ ಹಿಡದು ಪಾಸ್ ಮಾಡೀನ್ರಿ.”

ಇಪ್ಪತ್ತಮೂರರಲ್ಲಿ ಒಂಬತ್ತು ಉಳಿದವು, ಒಂಬತ್ತರಲ್ಲಿ ನಾಲ್ಕು; ನಪಾಸಾದವೆಲ್ಲ ಒಂದು ಡಬ್ಬಿ ಸೇರಿದವು. ಆ ನಾಲ್ಕನ್ನು ಹಾಕಿದರೂ ಎಂಜಿನ್ ಕುಂಟುತ್ತಿತ್ತು. ಭಾವ ಊಟ ಬಿಟ್ಟರು. ನಾಲ್ಕೂ ಕಾಗದಗಳನ್ನು ಗೋಡೆಗೆ ಅಂಟಿಸಿ ದಿನವಿಡೀ ನೋಡುತ್ತ ಕೂತರು. ಅಕ್ಕ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ಬಂದು, ಗೋಡೆಯನ್ನು ಒಂದು ಕ್ಷಣ ನೋಡಿದಳು.

“ಮೂರನೇದು ಎಡಕ್ಕ ವಾಲೇತಲ್ರಿ.”

“ಎಲ್ಲಿ?”

“ಅಲ್ಲೇ. ಕೈಬಳಿ ಜೋಡಿ ಆರಿಸಿ ಗೊತ್ತಿದ್ದಾಕಿಗಿ ಇದು ಕಾಣಲ್ಲೇನು? ಅಲ್ಲಿ ಡಬ್ಬಿಯಾಗಿಂದು ಒಂದೊಂದ ತೆಗೀರಿ.”

ಭಾವ ಒಂದೊಂದೇ ಒತ್ತಿದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು “ಅಲ್ಲ”, “ಇದೂ ಅಲ್ಲ” ಎನ್ನುತ್ತ ಹೋದಳು. ಐದನೆಯದಕ್ಕೆ “ಇದು” ಎಂದು, ಹೋಗಿ ಮತ್ತೆ ಮೊರ ಹಿಡಿದಳು. ಆ ಐದನೆಯದು ನಾನು ಹಿಂದೆ ನಪಾಸು ಮಾಡಿದ್ದು. ಇದನ್ನು ಭಾವ ನನ್ನ ಶಾಲೆಯ ಇನ್‌ಸ್ಪೆಕ್ಟರ್ ಸಾಹೇಬರಿಗೂ ಹೇಳಿದರು.

ಮರುದಿನ ಎಂಜಿನ್ ಚಾಲೂ ಆದಾಗ ನಮಗ್ಯಾರಿಗೂ ನಂಬಿಕೆಯಾಗಲಿಲ್ಲ. ಸದ್ದು ಒಂದೇ ಸಮನಾಗಿತ್ತು. ಹೊಗೆ ತೆಳ್ಳಗೆ, ಊದಿನಕಡ್ಡಿಯಷ್ಟು. ಭಾವ ನಮ್ಮಿಬ್ಬರನ್ನೂ ಕೂಡಿಸಿಕೊಂಡು ನೇರ ಮಸ್ಕಿ ಹಳ್ಳಕ್ಕೆ ಹೊಡೆದರು. ಇಳಿದೆವು. ಏರು ಶುರುವಾಯಿತು. ನಾನು ರೂಢಿಯಂತೆ ಬಾಗಿಲಿನ ಹಿಡಿಕೆಗೆ ಕೈ ಹಾಕಿದ್ದೆ. ಬಸವನಹುಳು ಸುಂಯ್ ಎಂದಿತು, ಬೆನ್ನು ಸೀಟಿಗೆ ಒತ್ತಿತು, ಕಾರು ಒಂದೇ ಉಸಿರಿಗೆ ಮೇಲೆ ಹೋಗಿ ನಿಂತಿತು. ಭಾವ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ ಗತ್ತು ನೋಡಬೇಕಿತ್ತು, ಕೋಟೆ ಗೆದ್ದವರ ಹಾಗೆ.

ವಾಪಸು ತಿರುಗುತ್ತಾರೆ ಎಂದುಕೊಂಡೆವು. ಅವರು ಮುಂದೆ ಹೊಡೆದರು. ಸಂತೆಕಲ್ಲೂರಿನ ನಮ್ಮ ಅಣ್ಣನ ಮನೆ ಮುಂದೆ ಕಾರು ನಿಂತಿತು.

ಒಳಗೆ ನಮ್ಮವ್ವ ಇದ್ದಳು. ಪಾಳಿ ಹಚ್ಚಿ ನೀರು ತುಂಬಬೇಕಾದ ನಮ್ಮೂರ ಬಾವಿಯ ಮೆಟ್ಟಿಲಲ್ಲಿ ಕೊಡದ ಸಮೇತ ಬಿದ್ದು ಸೊಂಟ ಮುರಿದಂದಿನಿಂದ ಅವಳು ಬಂಡಿ, ಬಸ್ಸು ಏನನ್ನೂ ಹತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಹೆಚ್ಚು. ಭಾವ ಹಿಂದಿನ ಸೀಟಿಗೆ ಗಾದಿ ಹಾಸಿ, “ಅತ್ತಿ, ಬರ್ರಿ,” ಎಂದು ಅವಳನ್ನು ಎತ್ತಿಕೊಂಡು ಬಂದು ಕೂಡಿಸಿದರು. ಅಕ್ಕ ಬೆರಗಾಗಿ ಕೇಳಿದಳು, “ಇದಕ್ಕೇನ್ರಿ ಇಷ್ಟು ದಿನ ಒದ್ದಾಡಿದ್ದು?”

“ಮತ್ತ? ಏರಿನಾಗ ಗಾಡಿ ನಿಂತ್ರ ಅತ್ತಿಗಿ ಇಳದು ನೂಕ್ರಿ ಅನ್ನಾಕ ಬರತೈತೇನು?”

ಸಿಂಧನೂರು ದಾಟಿ ಗೊರೇಬಾಳದ ಹತ್ತಿರ ಕಾಲುವೆಯ ದಂಡೆಗೆ ಬಂದೆವು. ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು. ದಂಡೆ ತುಂಬ ನೀರು. ನಾನು ಈ ಕಾಲುವೆಯ ಪಕ್ಕದ ಊರಿನಲ್ಲಿಯೇ ವರ್ಷಗಟ್ಟಲೆ ಇದ್ದೆ. ಕಾಲುವೆಯನ್ನೇ ಕಂಡಿರದ ಅವ್ವನಿಗೆ ಇದನ್ನು ತೋರಿಸಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಭಾವ ಎತ್ತಿ ತಂದು ನೀರಿನ ಅಂಚಿನಲ್ಲಿ ನಿಲ್ಲಿಸಿದಾಗ ಅವ್ವ ಕೇಳಿದಳು.

“ಇಷ್ಟು ನೀರಿಗಿ ಪಾಳಿ ಹಚ್ಚಂಗಿಲ್ಲೇನು ಯಾರೂ?”

“ಇಲ್ರಿ ಅತ್ತಿ.”

ಅವಳು ಸೆರಗಿನ ಮರೆಯಿಂದ ಒಂದು ತಂಬಿಗೆ ತೆಗೆದಳು. ದಾರಿಯಲ್ಲಿ ನೀರು ಸಿಗುತ್ತದೋ ಇಲ್ಲವೋ ಎಂದು ನಮ್ಮೂರ ಬಾವಿಯದನ್ನು, ಮೇಲೆ ಬಟ್ಟೆ ಕಟ್ಟಿ, ಹನಿ ಚೆಲ್ಲದ ಹಾಗೆ ಇಡೀ ದಾರಿ ಹಿಡಿದುಕೊಂಡು ಬಂದಿದ್ದಳು. ಬಟ್ಟೆ ಬಿಚ್ಚಿ, ನನ್ನ ಭುಜ ಹಿಡಿದು ಬಾಗಿ, ಅದನ್ನು ನಿಧಾನವಾಗಿ ಕಾಲುವೆಗೆ ಸುರಿದಳು.

“ನಮ್ಮೂರ್ದೂ ಒಂಚೂರು ಇರ್ಲಿ ಇದರಾಗ.”

ಭಾವ ಅವಳ ಕೈಯಿಂದ ಖಾಲಿ ತಂಬಿಗೆ ಇಸಿದುಕೊಂಡು, ಪ್ಯಾಂಟು ಮಡಿಚದೆ ಹಾಗೆಯೇ ನೀರಿಗಿಳಿದು, ತುಂಬಿಸಿಕೊಂಡು ಬಂದು ಅವಳ ಎರಡೂ ಕೈಗೆ ಕೊಟ್ಟರು.