ಅಲ್ಮಾಜ್ ಹಿಡಿದ ತುತ್ತು

ಆಗ ನನಗೆ ಅರವತ್ತೇಳು. ಈಗ್ಗೆ ಏಳು ವರ್ಷದ ಮಾತು. ನನ್ನ ಬಾಯಿ ದೊಡ್ಡದು ಅಂತ ಗುಬ್ಬಿಯಲ್ಲಿ ನನ್ನ ಬಲ್ಲವರೆಲ್ಲ ಹೇಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಮಠದ ಪಂಕ್ತಿಯಲ್ಲಿ, ಎಲ್ಲೂ ಅದು ಸುಮ್ಮನೆ ಕೂತಿದ್ದಿಲ್ಲ. ತೆಗೆಯಬೇಕಾದ ಹೊತ್ತಲ್ಲಿ ಅದನ್ನು ಮುಚ್ಚಿಕೊಂಡಿದ್ದು ಎರಡೇ ಸಲ, ಎರಡು ಸಲವೂ ಎಡವಟ್ಟಾಯಿತು. ಮೊದಲನೆಯದು ನನ್ನ ಮದುವೆಯ ಭೂಮದೂಟದಲ್ಲಿ. ಗಂಡು, ಹೆಣ್ಣು, ನೆಂಟರು ಎಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ಶಾಸ್ತ್ರ ಅದು. ನಮ್ಮ ಯಜಮಾನರು ತುಪ್ಪ ಸಕ್ಕರೆ ಕಲಸಿದ ಅನ್ನದ ತುತ್ತು ಮಾಡಿ ನನ್ನ ಬಾಯಿಗೆ ಹಿಡಿದರು. ನಾನು ತೆಗೆಯಲಿಲ್ಲ. ಹುಡುಗಿಗೆ ನಾಚಿಕೆ ಅಂತ ಎಲ್ಲರೂ ನಕ್ಕರು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಆ ಮನುಷ್ಯ ಕೈ ತೊಳೆದದ್ದನ್ನು ನಾನು ನೋಡಿರಲಿಲ್ಲ, ಅಷ್ಟೆ. ಯಜಮಾನರು ಸಾಯುವವರೆಗೂ ಅದನ್ನು ಎತ್ತಿ ಆಡಿದರು.

ಎರಡನೆಯದು ಇಥಿಯೋಪಿಯಾದಲ್ಲಿ. ನನ್ನ ಮಗಳು ಗಿರಿಜಾ, ಅಳಿಯ, ಇಬ್ಬರೂ ಅಲ್ಲಿ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ನಮ್ಮ ಕಡೆಯ ಬಟವಾಡಿಯ ಬಾಡಿಗೆ ಮನೆ ಖಾಲಿ ಮಾಡಿ ಹೋದವರು ಎರಡು ವರ್ಷವಾದ ಮೇಲೆ ನನ್ನನ್ನೂ ಮೂರು ತಿಂಗಳಿಗೆ ಕರೆಸಿಕೊಂಡರು. ನಾನು ಪೆಟ್ಟಿಗೆಗೆ ಹಾಕಿದ್ದು ನಾಲ್ಕು ಸೀರೆ, ಇಬೂತಿ ಗಟ್ಟಿ, ಮುದ್ದೆ ಕೋಲು. ಏರ್‌ಪೋರ್ಟಿನಲ್ಲಿ ಒಬ್ಬ ಆ ಕೋಲನ್ನು ಹಿಂದೆ ಮುಂದೆ ತಿರುಗಿಸಿ "ಏನಜ್ಜಿ ಇದು?" ಅಂದ. "ನಿಮ್ಮಮ್ಮನ್ನ ಕೇಳು ಹೋಗು, ಹೇಳ್ತಾಳೆ" ಅಂದೆ. ಬಿಟ್ಟ.

ಫಾರಿನ್ನು ಫಾರಿನ್ನು ಅಂತ ಗುಬ್ಬಿಯವರು ನನ್ನ ಕಡೆ ಹೊಟ್ಟೆ ಉರಿದು ನೋಡಿದ್ದೇ ಬಂತು. ದಿನ ಬಿಟ್ಟು ದಿನ ನೀರು, ಮನಸ್ಸು ಬಂದಾಗ ಕರೆಂಟು. ಬಟವಾಡಿಯನ್ನೇ ಎತ್ತಿ ಅಲ್ಲಿಟ್ಟ ಹಾಗಿತ್ತು. ಬೆಳಿಗ್ಗೆ ಎಂಟಕ್ಕೆ ಮಗಳು ಅಳಿಯ ಇಬ್ಬರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಸಂಜೆ ಬಂದರೆ ಪೇಪರ್ ತಿದ್ದುವುದು, ಒಬ್ಬರಿಗೊಬ್ಬರು "ಇವನು ಏನು ಬರ್ದವ್ನೆ ನೋಡ್ರೀ" ಅಂತ ಗೊಣಗುವುದು. ಮೂರು ವರ್ಷದ ಮೊಮ್ಮಗಳು ಚಿನ್ನಿಯನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಅಲ್ಮಾಜ್. ಐವತ್ತು ದಾಟಿದ ಹೆಂಗಸು, ಬಿಳೀ ಸೆರಗಿನಂಥ ಬಟ್ಟೆ ಹೊದ್ದು ನೆಟ್ಟಗೆ ನಡೆಯುವವಳು. ನಾನು ಅಲ್ಲಿದ್ದರೂ ಚಿನ್ನಿಗೆ ಅವಳೇ ಬೇಕು. ಅವಳಿಲ್ಲದಿದ್ದರೆ ನನ್ನ ಮಗಳ ಪಾಠವೂ ಇಲ್ಲ, ಕಾಲೇಜೂ ಇಲ್ಲ.

ನಾನು ವಾಪಸು ಹೊರಡಲು ಹದಿನೈದು ದಿನ ಇದ್ದಾಗ, ಒಂದು ಬುಧವಾರ ಸಂಜೆ ಅಲ್ಮಾಜ್ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ಬುಧವಾರವೇ ಯಾಕೆ ಅಂದರೆ, ಅವತ್ತು ಅವರಿಗೆ ಒಪ್ಪೊತ್ತು, ಮಾಂಸ ಮುಟ್ಟುವುದಿಲ್ಲ. ಈ ಅಜ್ಜಿ ತಿನ್ನಲ್ಲ ಅಂತ ತಿಳಿದು ಆ ದಿನವನ್ನೇ ಹುಡುಕಿ ಇಟ್ಟುಕೊಂಡಿದ್ದಳು. ಮೊರದಗಲ ಒಂದು ತಟ್ಟೆ, ಅದರ ತುಂಬ ತೂತು ತೂತಾದ ಹುಳಿ ದೋಸೆ, ಮೇಲೆ ಕಡಲೆಹಿಟ್ಟಿನ ಖಾರದ ಗೊಜ್ಜು. ಎಲ್ಲರೂ ಅದೇ ತಟ್ಟೆಗೆ ಕೈ ಹಾಕಬೇಕು. ಭೂಮದೂಟ ಅಂದುಕೊಂಡು ನನ್ನ ಮೂಲೆಯಲ್ಲಿ ನಾನು ತಿನ್ನುತ್ತಿದ್ದೆ. ಅಷ್ಟರಲ್ಲಿ ಅವಳು ದೋಸೆ ಸುತ್ತಿ ನಿಂಬೆಗಾತ್ರದ ತುತ್ತು ಮಾಡಿ ಸೀದಾ ನನ್ನ ಬಾಯಿಗೆ ತಂದಳು. ಇವಳು ಕೈ ತೊಳೆದದ್ದನ್ನು ಕಣ್ಣಾರೆ ನೋಡಿದ್ದೆ. ಆದರೂ ಅದೇ ಕೈಯಲ್ಲಿ ತಾನೂ ಉಂಡು ನನಗೂ ಇಡುವುದು ಅಂದರೆ! ಮದುವೆ ಶಾಸ್ತ್ರ ಬಿಟ್ಟರೆ ನಮ್ಮಲ್ಲಿ ಬಾಯಿಗೆ ಇಟ್ಟು ಉಣ್ಣಿಸುವುದು ಹಲ್ಲು ಬರುವ ಮೊದಲು, ಇಲ್ಲ ಹಲ್ಲು ಹೋದ ಮೇಲೆ. ನನಗಿನ್ನೂ ಇಪ್ಪತ್ತೆರಡು ಹಲ್ಲಿದ್ದವು. ತುಟಿ ಬಿಗಿದು ಮುಖ ತಿರುಗಿಸಿದೆ. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಆ ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟಳು.

ಮನೆಗೆ ಬಂದ ಮೇಲೆ ಮಗಳು ಹಾರಾಡಿದಳು. "ಅವ್ವಾ, ಇಲ್ಲಿ ಅದು ದೊಡ್ಡ ಮರ್ಯಾದೆ ಕಣವ್ವ. ಬೇಕಾದೋರಿಗೇ ಇಡೋದು. ನೀನು ಬ್ಯಾಡ ಅಂದ್ರೆ ನೀನು ನಮಗೆ ಏನೂ ಅಲ್ಲ ಅಂತ ಅವಳಿಗೆ ಅಂದಂಗೆ."

"ನಂಗೇನು ಕನಸು ಬಿದ್ದಿತ್ತಾ? ಮೊದ್ಲೇ ಹೇಳ್ಬೇಕಿತ್ತು ಬುಡು" ಅಂದೆ.

ಮಾರನೆಯ ದಿನ ಅಲ್ಮಾಜ್ ಬರಲಿಲ್ಲ. ಗಿರಿಜಾ ಹೋಗಿ ಕರೆದರೆ, ಮೈ ಸರಿಯಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದಳಂತೆ. ಚಿನ್ನಿ ಬೇಲಿ ಹಿಡಿದು ನಿಂತು ಒಂದೇ ಸಮ ಅಳು. ಮಗಳು ಚಪ್ಪಲಿ ಮೆಟ್ಟುತ್ತಾ "ನೀನೇನೋ ಹೊರಟೋಗ್ತೀಯ. ಆಮೇಲೆ ಮಗೂನ ಯಾರ ಹತ್ರ ಬುಡ್ಲಿ? ಕೆಲ್ಸ ಬಿಟ್ಟು ನಿನ್ನ ಜೊತೇಲೇ ಬಂದ್ಬುಡ್ತೀನಿ ಅಷ್ಟೇಯ" ಅಂದಳು. ಕಣ್ಣು ಕೆಂಪಾಗಿತ್ತು.

ಆ ಮಾತು ಚುರ್ ಅಂತು. ನಾನು ಮೂರನೇ ಕ್ಲಾಸು. ಅವಳನ್ನು ಅಷ್ಟು ಓದಿಸಿದ್ದು ಗುಬ್ಬಿಗೆ ಬಂದು ನನ್ನ ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕಲಿ ಅಂತಲ್ಲ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಅವಳು ಬಂದರೆ ಚಿನ್ನಿಯನ್ನು ನೋಡಿಕೊಳ್ಳುವ ಕೆಲಸ ನನ್ನ ಸೊಂಟಕ್ಕೇ ಬೀಳುತ್ತಿತ್ತು.

ಅಲ್ಲೂ ರಾಗಿ ಬೆಳೆಯುತ್ತಾರೆ. ಆದರೆ ಅದರಲ್ಲಿ ಹೆಂಡ ಮಾಡುತ್ತಾರೆ, ಪಾಪ, ಹೇಳಿಕೊಡುವವರಿಲ್ಲ. ಮನೆಯಲ್ಲಿ ಹಿಟ್ಟಿತ್ತು. ಮಧ್ಯಾಹ್ನ ಎಸರಿಟ್ಟು, ಮುದ್ದೆ ಕೋಲು ಹಿಡಿದು, ಒಂದೂ ಗಂಟಿಲ್ಲದ ಹಾಗೆ ತಿರುವಿ ಎರಡು ಮುದ್ದೆ ಕಟ್ಟಿದೆ. ಸೊಪ್ಪು ಬೇಳೆ ಹಾಕಿದ ಸಾರು. ಚಿನ್ನಿಯನ್ನು ಕಂಕುಳಿಗೆ ಹಾಕಿಕೊಂಡು ಅವಳ ಬಾಗಿಲಿಗೆ ಹೋದೆ. ಅವಳು ಬಾಗಿಲು ತೆರೆದಳು, ನಗಲಿಲ್ಲ. ಮಗುವನ್ನು ಮಾತ್ರ ಇಸಕೊಂಡಳು. ನಾನು ಕೈ ತೊಳೆದೆ, ಅವಳಿಗೆ ಕಾಣುವ ಹಾಗೆ ಎರಡು ಸಲ ತೊಳೆದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಹಿಡಿದೆ.

ಅವಳು ನನ್ನನ್ನೇ ನೋಡಿದಳು. ಮುಖ ತಿರುಗಿಸಿದರೆ ಏನು ಗತಿ? ಹಿಂದಿನ ದಿನ ಅವಳ ಕೈ ಎಷ್ಟು ಭಾರವಾಗಿತ್ತೋ ಅವತ್ತು ಗೊತ್ತಾಯಿತು. ಕಡೆಗೆ ಬಾಯಿ ತೆರೆದಳು. ತೆರೆದು, ಅಗಿಯೋಕೆ ಶುರು ಮಾಡಿದಳು.

"ಅಗೀಬ್ಯಾಡ ಕಣಮ್ಮಾ, ನುಂಗು! ನುಂಗು!" ಅಂತ ಕೂಗಿ ನನ್ನ ಗಂಟಲು ತೋರಿಸಿಕೊಂಡೆ. ಅವಳಿಗೆ ಕನ್ನಡ ಎಲ್ಲಿ ಬರಬೇಕು? ಮುದ್ದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮೆತ್ತಿಕೊಂಡು ದವಡೆಯೇ ಬಿಡಿಸಲು ಬರದು. ಕಣ್ಣಲ್ಲಿ ನೀರು. ಚಿನ್ನಿ ಕೇಕೆ ಹಾಕಿ ನಕ್ಕಳು. ಬಾಯಿ ಬಿಟ್ಟುಕೊಂಡ ಮೇಲೆ ಅಲ್ಮಾಜಳೂ ಹೊಟ್ಟೆ ಹಿಡಿದು ನಕ್ಕಳು. ಒಳಗೆ ಹೋಗಿ ದೋಸೆ ತಂದು, ಸುತ್ತಿ, ಹಿಂದಿನ ದಿನದ್ದಕ್ಕಿಂತ ದೊಡ್ಡ ತುತ್ತು ಹಿಡಿದಳು. ನಾನು ಕಣ್ಣು ಮುಚ್ಚಿ ಬಾಯಿ ತೆರೆದೆ. ಒಂದಕ್ಕೆ ನಿಲ್ಲಿಸುವ ಹಾಗಿಲ್ಲವಂತೆ, ಮೂರು ಇಟ್ಟಳು. ಚೆನ್ನಾಗಿಯೇ ಇತ್ತು, ಉಪ್ಪು ಒಂಚೂರು ಕಮ್ಮಿ.

ಮಾರನೆಯ ಬೆಳಿಗ್ಗೆ ಏಳೂವರೆಗೆ ಅಲ್ಮಾಜ್ ಬಂದು ಮಗುವನ್ನು ಎತ್ತಿಕೊಂಡಳು. ಗಿರಿಜಾ ಎರಡು ಕೈಯಲ್ಲೂ ಪೇಪರಿನ ಕಟ್ಟು ಹಿಡಿದು ತಿಂಡಿಯೂ ತಿನ್ನದೆ ಬಾಗಿಲಲ್ಲಿ ನಿಂತಿದ್ದಳು. ಬಿಸಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಇಟ್ಟೆ. ಅವಳಿಗೆ ಹಲ್ಲು ಬಂದ ಮೇಲೆ ನಾನು ಇಟ್ಟಿದ್ದು ಅದೇ ಮೊದಲು. ಗಾಬರಿಯಾಗಿ ನುಂಗಿದಳು. ಎರಡನೆಯದನ್ನೂ ಇಟ್ಟೆ. ಮೂರನೆಯದಕ್ಕೆ ತುಟಿ ಬಿಗಿದು ಮುಖ ತಿರುಗಿಸಿದಳು, ಥೇಟ್ ನನ್ನ ಹಾಗೆ. ಅದನ್ನು ನಾನೇ ತಿಂದೆ.