ಬೆಣ್ಣೆ ಕರಗಿಸಿದ ಡೈನಮೋ

ಮನೆಯಲ್ಲೊಂದು ಮುದಿ ಕಾರಿದ್ದರೆ ನಗುವುದಕ್ಕೆ ಟೀವಿ ಹಾಕಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗವನ್ನು ಅದೇ ಒದಗಿಸುತ್ತದೆ. ವಿದೇಶದ್ದಲ್ಲ, ಬೆಂಗಳೂರಿನದೇ ಸಿಂಗಾಪುರದ ನಮ್ಮ ಮನೆಯಲ್ಲಿರುವುದು ಮಾವನ ಕಾರು. ಅವರ ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವವಳು ನಾನು, ಪಕ್ಕದಲ್ಲಿ ಕೂತು ಬೈಯುವವರು ಅವರು.

ನಾದಿನಿಯ ಮದುವೆ ಗೊತ್ತಾದ ದಿನ ಮಾವ ಗಂಡಿನ ಅಪ್ಪನ ಮುಂದೆ ಮೀಸೆ ತಿರುವಿ, "ನನ್ ಮಗಳು ಯಲಹಂಕದ ಛತ್ರಕ್ಕೆ ನನ್ ಕಾರಲ್ಲೇ ಬಂದಿಳೀತಾಳೆ" ಅಂದುಬಿಟ್ಟರು. ಬೀಗರು "ನೋಡೋಣ" ಎಂದು ನಕ್ಕರು. ಕೆಲವೇ ದಿನದಲ್ಲಿ ಕಾರು ಕೆಟ್ಟಿತು. ನನ್ನ ಗಂಡ, "ಟ್ಯಾಕ್ಸಿ ಹೇಳೋಣ ಅಪ್ಪಾ" ಅಂದರೆ ಮಾವ, "ಟ್ಯಾಕ್ಸಿ ಬಂದ್ರೆ ನಾನು ಛತ್ರಕ್ಕೇ ಬರಲ್ಲ" ಎಂದು ಹಟ ಹಿಡಿದರು. ಹೆಣ್ಣಿನ ಅಪ್ಪನಿಲ್ಲದೆ ಧಾರೆ ಎರೆಯುವುದು ಹೇಗೆ? ಹಾಗಾಗಿ ಎಲ್ಲರ ಜೀವವೂ ಆ ಕಾರಿನ ಕೈಗೆ ಹೋಯಿತು.

ಬಲ್ಬು

ಕೆಟ್ಟಿತು ಅಂದರೆ ನಿಂತುಹೋಗಲಿಲ್ಲ, ಹುರುಪು ಜಾಸ್ತಿಯಾಯಿತು. ಆಕ್ಸಿಲರೇಟರ್ ಒತ್ತಿದರೆ ಸಾಕು, ಹೆಡ್‌ಲೈಟು ಧಗಧಗ ಉರಿದು ಟಪ್ಪೆಂದು ಸಾಯುತ್ತಿತ್ತು. ಹೊಸ ಬಲ್ಬು ಹಾಕಿದರೆ ಅದಕ್ಕೂ ಅದೇ ಗತಿ. ಯಶವಂತಪುರದ ಅಂಗಡಿಯವರು ಕೊನೆಗೆ ಕೇಳಿಯೇಬಿಟ್ಟರು: "ಅಕ್ಕಾ, ತಪ್ಪು ತಿಳ್ಕೋಬೇಡಿ, ಇವನ್ನ ಕಾರಿಗೆ ಹಾಕ್ತೀರೋ, ಬಜ್ಜಿ ಕರೀತೀರೋ?"

"ಬಜ್ಜಿ ಆದ್ರೆ ಸಂಜೆ ತನಕ ಇರ್ತಿತ್ತು ಕಣ್ರೀ. ಇದು ಹೆಬ್ಬಾಳ ದಾಟಲ್ಲ" ಅಂದೆ.

ಹಗಲು ದೀಪ

ಆರ್.ಟಿ. ನಗರದ ಮೆಕ್ಯಾನಿಕ್ಕು ತನ್ನನ್ನು ತಾನೇ ಡಾಕ್ಟರ್ ಅಂತ ಕರೆದುಕೊಳ್ಳುವ ಮನುಷ್ಯ. ಬಾನೆಟ್ಟಿಗೆ ಕಿವಿ ಕೊಟ್ಟು, "ಡೈನಮೋ ಓವರ್‌ಚಾರ್ಜ್ ಮಾಡ್ತಿದೆ. ಬ್ಯಾಟರಿ ಸಾಕು ಅಂದ್ರೂ ಕರೆಂಟ್ ತುಂಬ್ತಾನೇ ಇದೆ" ಅಂದ. ಬೆಲ್ಟು ಬದಲಾಯಿಸಿದ, ಡೈನಮೋ ಬಿಚ್ಚಿ ಜೋಡಿಸಿದ. ಚಾರ್ಜು ನೋಡಲು ಒಂದು ಮೀಟರು ಕೂರಿಸಿದ. ಅದರ ಮುಳ್ಳು ಬಲಗಡೆ ಗೋಡೆಗೆ ಒರಗಿಕೊಂಡು ಈ ಕಡೆ ಬರಲೇ ಇಲ್ಲ. ಕೊನೆಗೆ, "ಬೇರೆ ಡೈನಮೋ ಸಿಗೋವರೆಗೂ ಹಗಲೂ ಲೈಟ್ ಹಾಕ್ಕೊಂಡೇ ಓಡ್ಸಿ, ಹೆಚ್ಚಿನ ಕರೆಂಟ್ ಖರ್ಚಾಗುತ್ತೆ. ಆಕ್ಸಿಲರೇಟರ್ ಜೋರಾಗಿ ಒತ್ತದಿದ್ರೆ ಬಲ್ಬೂ ಉಳಿಯುತ್ತೆ" ಎಂದು ಕಳಿಸಿದ.

ಮಾರನೇ ದಿನ ಹೆಬ್ಬಾಳದ ಫ್ಲೈಓವರ್ ಮೇಲೆ ಇಡೀ ಬೆಂಗಳೂರಿಗೆ ನನ್ನ ಮೇಲೆ ಅಕ್ಕರೆ ಉಕ್ಕಿತು. ಎದುರು ಬಂದವರೆಲ್ಲ ಬೆರಳು ಬಿಚ್ಚಿ ಮುಚ್ಚಿ, "ಅಕ್ಕಾ, ಲೈಟು!" ಎನ್ನುವವರೇ. ಸ್ಕೂಲಿಗೆ ಹೊರಟಿದ್ದ ಮಗಳು ನಾಚಿಕೆಯಿಂದ ಬ್ಯಾಗಿನಲ್ಲಿ ಮುಖ ಮುಚ್ಚಿಕೊಂಡಳು. ಸಿಗ್ನಲ್ಲಿನಲ್ಲಿ ಪೊಲೀಸರು ತಡೆದರು.

"ಯಾಕಮ್ಮಾ ಹಗಲೊತ್ತು ಲೈಟು?"

"ಕರೆಂಟ್ ಜಾಸ್ತಿ ಆಗಿದೆ ಸಾರ್, ಖರ್ಚು ಮಾಡ್ತಿದೀನಿ."

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಹಂಗಾದ್ರೆ ನಮ್ಮನೆ ಕಡೆ ಒಂಚೂರು ಕಳ್ಸಮ್ಮಾ, ಬೆಳಗ್ಗೆಯಿಂದ ಹೋಗಿದೆ."

ಉಷ್ಣ

ಮದುವೆ ಕರೆಯಲು ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಮನೆ ಸುತ್ತಿದೆ. ಸಂಜಯನಗರ ಬರುವಷ್ಟರಲ್ಲಿ ಅತ್ತೆ, "ಯಾಕೋ ಕೆಳಗೆಲ್ಲ ಬೆಂಕಿ ಕಣೇ" ಎಂದು ಒದ್ದಾಡತೊಡಗಿದರು. ಹೋದ ಮನೆಯಲ್ಲೆಲ್ಲ ಒಂದೇ ತೀರ್ಪು: "ಮಗಳ ಮದುವೆ ಟೆನ್ಷನ್ನು. ಉಷ್ಣ ಆಗಿದೆ." ಒಬ್ಬರು ಮಜ್ಜಿಗೆ ಕುಡಿಸಿದರು, ಒಬ್ಬರು ಬಾರ್ಲಿ ನೀರು, ಇನ್ನೊಬ್ಬರು ಹರಳೆಣ್ಣೆ ತಂದು ನೆತ್ತಿಗೆ ತಟ್ಟೇಬಿಟ್ಟರು. ಎಣ್ಣೆ ಸುರಿಯುವ ತಲೆ, ನೀರು ತುಂಬಿದ ಹೊಟ್ಟೆ ಹೊತ್ತು ಅತ್ತೆ ಆಮೇಲೆ ಹೋದ ಮನೆಯಲ್ಲೆಲ್ಲ ಕುಂಕುಮಕ್ಕಿಂತ ಮೊದಲು ಬಚ್ಚಲು ಕೇಳಿದರು.

ಕೊನೆಯ ಮನೆಯವರು ಒಂದು ಡಬ್ಬಿ ಬೆಣ್ಣೆ ಕೊಟ್ಟರು. ಅತ್ತೆ ಉಷ್ಣಕ್ಕೆ ಹೆದರಿ ಮುಂದೆ ಬಂದು ಕೂತರು, ಬೆಣ್ಣೆ ಹಿಂದೆ ಕೂತಿತು. ಮನೆಗೆ ಬಂದು ಮುಚ್ಚಳ ತೆಗೆದರೆ ಪೂರಾ ಕರಗಿ ಎಣ್ಣೆಯಾಗಿದೆ.

"ಅತ್ತೆ, ಬೆಣ್ಣೆಗೂ ಮದುವೆ ಟೆನ್ಷನ್ನಾ?" ಅಂದೆ.

ಸೀಟಿನ ಕೆಳಗೆ

ಆ ಕಾರಿನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ನಮ್ಮ ಮೆಕ್ಯಾನಿಕ್ ಡಾಕ್ಟರನ್ನು ಕರೆಸಿ ಸೀಟು ಎತ್ತಿಸಿದರೆ ಬ್ಯಾಟರಿ ಬಿಸಿಯಾಗಿ ಅನ್ನದ ಹಾಗೆ ಕೊತಕೊತ ಅನ್ನುತ್ತಿದೆ. ಅತ್ತೆ ಕೂತಿದ್ದು ಅದರ ಮೇಲೆ! ಏನೂ ಆಗಲಿಲ್ಲವಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ಪಕ್ಕದಲ್ಲಿ ಇನ್ನೊಂದು ಪುಟ್ಟ ಡಬ್ಬವಿತ್ತು.

"ಇದೇನು?"

"ರೆಗ್ಯುಲೇಟರ್ರು. ಡೈನಮೋಗೆ ಸಾಕು ಅಂತ ಹೇಳೋದು ಇದೇ."

"ಕಾರೆಲ್ಲ ತುಕ್ಕು ಹಿಡಿದಿದೆ, ಇದರ ಬುಡ ಮಾತ್ರ ಯಾಕೆ ಇಷ್ಟು ಹೊಳೀತಿದೆ?"

ಡಾಕ್ಟರ್ ಹಣೆ ಚಚ್ಚಿಕೊಂಡ. ಆ ಡಬ್ಬ ಬಾಡಿಯ ಬರೀ ತಗಡಿಗೆ ತಾಗಿರಬೇಕಂತೆ, ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲವಂತೆ. ನಡುವೆ ದಪ್ಪಗೆ ಪೇಂಟ್ ಕೂತಿತ್ತು. ಎಲೆಗೆ ಅಡ್ಡ ಹಿಡಿದ ಕೈ ಕಾಣದೆ ಪಾಯಸ ಸುರಿಯುವವರ ಹಾಗಾಗಿತ್ತು ಡೈನಮೋ ಕತೆ. ಇಂಜಿನ್ ಶುರು ಮಾಡಿಸಿ ಡಬ್ಬದಿಂದ ಬಾಡಿಯ ತಗಡಿಗೆ ಒಂದು ವೈರು ತಾಗಿಸಿದ. ಮೀಟರಿನ ಮುಳ್ಳು ಮೆಲ್ಲಗೆ ನಡುವಿಗೆ ಬಂತು. ಬಣ್ಣ ಕೆರೆದು ಡಬ್ಬ ಕೂರಿಸಿದರೆ ಅಲ್ಲೇ ನಿಂತಿತು. ನನಗೆ ಹೆರಿಗೆಯಾದಷ್ಟು ಹಗುರವಾಯಿತು.

"ಯಾವ ತಲೆ ಇಲ್ದೋನು ರೀ ಇಲ್ಲಿಗೆ ನೀಲಿ ಬಣ್ಣ ಬಳಿದಿದ್ದು?" ಎಂದು ಡಾಕ್ಟರ್ ಗುಡುಗಿದ.

"ಯಾರೋ ಹಳೇ ಮೆಕ್ಯಾನಿಕ್ಕಿರ್ಬೇಕು" ಎಂದರು ಮಾವ, ಮದುವೆಗೆಂದು ತಾವೇ ನೀಲಿ ಬಳಿದ ಹೊಸ ಗೇಟಿಗೆ ಒರಗಿ ನಿಂತು.

ಛತ್ರ

ಅಷ್ಟಾದರೂ ನನ್ನ ಗಂಡನಿಗೆ ನಂಬಿಕೆ ಬರಲಿಲ್ಲ. ಮದುವೆ ದಿನ, ಕಾರು ನಿಂತರೆ ತಳ್ಳಲಿ ಅಂತ ಗಟ್ಟಿಮುಟ್ಟಾದ ನಾಲ್ಕು ಹುಡುಗರನ್ನು ಬೈಕಿನಲ್ಲಿ ಹಿಂದೆ ಕಳಿಸಿದರು. ಹಿಂದಿನ ಸೀಟಿನಲ್ಲಿ ನಾದಿನಿ ಕೂತಿದ್ದಳು, ಕಾರು ಒಂದು ಸಲ ಕೆಮ್ಮಲೂ ಇಲ್ಲ. ಮಾವ ರಸ್ತೆ ನೋಡಲಿಲ್ಲ, ಮೀಟರಿನ ಮುಳ್ಳನ್ನೇ ನೋಡುತ್ತಾ ಬಂದರು. ಛತ್ರದ ಬಾಗಿಲಲ್ಲಿ ಇಂಜಿನ್ ಆರಿಸಿದಾಗ ಅವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ವಿಡಿಯೋದವನು ಓಡಿ ಬಂದ. "ಮೇಡಂ, ಎಂಟ್ರಿ ಸರಿಯಾಗಿ ಬರ್ಲಿಲ್ಲ, ಸ್ವಲ್ಪ ಹಿಂದೆ ಹೋಗಿ ಇನ್ನೊಂದ್ಸಲ ಬನ್ನಿ."

ನಾನು ಕೀ ತಿರುಗಿಸುವ ಮೊದಲೇ, ದಾರಿಯುದ್ದಕ್ಕೂ ಕೆಲಸವಿಲ್ಲದೆ ಬಂದಿದ್ದ ಹುಡುಗರು ಮುತ್ತಿದರು. "ಸ್ಟಾರ್ಟ್ ಮಾಡ್ಬೇಡಿ ಅಕ್ಕಾ, ನಾವಿದೀವಲ್ಲ!" ಹಿಂದಕ್ಕೆ ತಳ್ಳಿದರು. ಶಿಳ್ಳೆ ಹೊಡೆಯುತ್ತಾ ಮುಂದಕ್ಕೂ ತಳ್ಳಿದರು. ಸರಿಯಾಗಿ ಆಗಲೇ ಓಲಗ ಶುರುವಾಗಿ, ಆರತಿ ಹಿಡಿದು ಗಂಡಿನ ಕಡೆಯವರೆಲ್ಲ ಹೊರಗೆ ಬಂದರು.

ಮಾವ ಜರಿಪೇಟದ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ ಕೂಗಿದರು: "ಓಡುತ್ತೆ! ಕಾರು ಓಡುತ್ತೆ ಕಣ್ರೀ!"

ಓಲಗದ ಗದ್ದಲದಲ್ಲಿ ಯಾರು ಕೇಳಬೇಕು? ಬೀಗರು ಪಂಚೆ ಎತ್ತಿ ಕಟ್ಟಿ ಬಂದು ತಾವೂ ಒಂದು ಹೆಗಲು ಕೊಟ್ಟರು. ಕಾರು ನಿಂತ ಮೇಲೆ ಬೆವರು ಒರೆಸಿಕೊಂಡು ಮಾವನನ್ನು ಗಟ್ಟಿಯಾಗಿ ತಬ್ಬಿದರು.

"ಏನೂ ಬೇಜಾರ್ ಮಾಡ್ಕೋಬೇಡಿ ಬೀಗರೇ. ಸಿಂಗಾಪುರದಿಂದ ಇಲ್ಲೀವರೆಗೂ ತಳ್ಕೊಂಡೇ ಬಂದ್ರಲ್ಲ, ಕೊಟ್ಟ ಮಾತು ಅಂದ್ರೆ ಇದು!"