ಮುಳ್ಳು ಮೂರು ದಾಟಿದ ಮೇಲೆ ಬರುವ ಸದ್ದು

ಐವತ್ತು ದಾಟಿದ ಗಂಡಸಿಗೆ ಬರುವ ಕಾಯಿಲೆಗಳಲ್ಲಿ ಸಕ್ಕರೆಗೂ ರಕ್ತದೊತ್ತಡಕ್ಕೂ ಮಾತ್ರೆಗಳಿವೆ; ವೇಗದ ಕಾರಿನ ಹುಚ್ಚಿಗೆ ಇನ್ನೂ ಯಾರೂ ಕಂಡುಹಿಡಿದಿಲ್ಲ. ಮೊದಲೆರಡೂ ನನಗೆ ಇರುವುದರಿಂದ ಮೂರನೆಯದರ ಬಗ್ಗೆ ಸ್ವಲ್ಪ ಅಧಿಕಾರದಿಂದಲೇ ಮಾತಾಡಬಲ್ಲೆ. ನಾನು ಯಾದಗಿರಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಮನೆ ಶಹಾಪುರದಲ್ಲಿ. ಹೆಂಡತಿ ಮಹಾದೇವಿ ಯಾದಗಿರಿಯಿಂದ ಆಚೆಗಿರುವ ಬಳಿಚಕ್ರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಇಪ್ಪತ್ತೆರಡು ವರ್ಷ ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಯಾದಗಿರಿಗೆ ಹೋಗಿದ್ದೇವೆ. ಒಂದೇ ಬಸ್ಸು ಎಂದೆ, ಒಂದೇ ಸೀಟು ಎನ್ನಲಿಲ್ಲ. ಆಕೆ ಮುಂದೆ ಹೆಣ್ಣುಮಕ್ಕಳ ಸೀಟಿನಲ್ಲಿ. ನಾನು ಹಿಂದೆ, ಯಾರದೋ ಬುಟ್ಟಿಗೂ ಕಂಡಕ್ಟರನ ಮೊಣಕೈಗೂ ನಡುವೆ. ಭೀಮಾ ಸೇತುವೆ ದಾಟುವಾಗ ಜನರ ತಲೆಗಳ ಸಂದಿನಲ್ಲಿ ಆಕೆಯ ತುರುಬು ಕಂಡರೆ, ಆ ದಿನದ ಪ್ರಯಾಣದಲ್ಲಿ ನಮ್ಮ ದಾಂಪತ್ಯ ಅಷ್ಟೇ.

ಹಾಗಾಗಿ ಕಾರು ತಗೊಳ್ಳೋಣ ಎಂದಾಗ ಆಕೆ ಬೇಡ ಎನ್ನಲಿಲ್ಲ. ಆಕೆಯ ಮನಸ್ಸಿನಲ್ಲಿದ್ದದ್ದು ಬಿಳಿ ಬಣ್ಣದ, ಎತ್ತರ ಸೀಟಿನ, ಮಾಸ್ತರ ಮಂದಿಗೆ ಒಪ್ಪುವ ಒಂದು ಗಾಡಿ. ಕಲಬುರಗಿಗೆ ಅದನ್ನೇ ನೋಡಲು ಹೋದ ನಾನು ತಂದದ್ದು ಕೆಂಪು ಬಣ್ಣದ, ನೆಲಕ್ಕೆ ಹತ್ತಿಕೊಂಡಂತಿರುವ, ಹಿಂದೆ ಎರಡು ಹೊಗೆ ಕೊಳವೆಗಳಿರುವ, ಟರ್ಬೊ ಎಂಜಿನ್ನಿನ ಸೆಕೆಂಡ್ ಹ್ಯಾಂಡ್ ಗಾಡಿಯನ್ನು. ಮಾರಿದ ಹುಡುಗನಿಗೆ ಮದುವೆಯಾಗಿತ್ತು, ದೊಡ್ಡ ಗಾಡಿ ಬೇಕಾಗಿತ್ತು. ಅವನು ಹುಚ್ಚು ಬಿಡಿಸಿಕೊಳ್ಳುವ ಹೊತ್ತಿಗೆ ನಾನು ಹಿಡಿಸಿಕೊಂಡೆ. ಮನೆಯ ಮುಂದೆ ನಿಲ್ಲಿಸಿದಾಗ ಮಹಾದೇವಿ ಗಾಡಿಗೆ ಒಂದು ಸುತ್ತು ಹಾಕಿ, "ಇದರಾಗ ಕುಂದ್ರೂದೋ, ಮಲಗೂದೋ?" ಎಂದು ಕೇಳಿದಳು. ಆದರೂ ಕೂತಳು. ಇಪ್ಪತ್ತೆರಡು ವರ್ಷಗಳ ಮೇಲೆ ನಾವು ಯಾದಗಿರಿಯವರೆಗೆ ಅಕ್ಕಪಕ್ಕ ಕೂತು ಹೋದೆವು. ಆಕೆಗೆ ಶಾಲೆಯ ಬಗ್ಗೆ, ಬಿಸಿಯೂಟದ ಬಗ್ಗೆ, ನನ್ನ ಬಗ್ಗೆ ಇಷ್ಟೊಂದು ಅಭಿಪ್ರಾಯಗಳಿವೆ ಎಂಬುದು ನನಗೆ ತಿಳಿದದ್ದೇ ಆ ಸೀಟಿನಿಂದ. ಅವುಗಳಲ್ಲಿ ಕೆಲವು ನನಗೆ ಹಿತವಾಗಿರಲಿಲ್ಲ, ಆದರೂ ಕೇಳಲು ಸುಖವಾಗಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಗೇರಿನ ಪಕ್ಕದಲ್ಲಿ ‘ಸ್ಪೋರ್ಟ್’ ಎಂದು ಬರೆದ ಒಂದು ಗುಂಡಿ ಉಂಟು. ಅದನ್ನು ಒತ್ತಿದರೆ ಅದುವರೆಗೆ ಸಭ್ಯವಾಗಿದ್ದ ಗಾಡಿ ಗುರ್ ಎಂದು ಗರ್ಜಿಸುತ್ತದೆ. ಎದೆಯಲ್ಲಿ ಏನೋ ನಡುಗುತ್ತದೆ. ಊರು ದಾಟಿದ ಕೂಡಲೇ ನಾನು ಯಾರಿಗೂ ಕಾಣದಂತೆ ಆ ಗುಂಡಿ ಒತ್ತುತ್ತಿದ್ದೆ. ವೇಗವೇನೂ ಹೆಚ್ಚಿಸುತ್ತಿರಲಿಲ್ಲ, ನಮ್ಮ ರಸ್ತೆಯಲ್ಲಿ ಹೆಚ್ಚಿಸಿದರೆ ಗಾಡಿ ಒಂದು ಕಡೆ, ಚಕ್ರ ಒಂದು ಕಡೆ. ಆದರೆ ಗರ್ಜನೆಗೆ ರಸ್ತೆಯ ಹಂಗಿಲ್ಲವಲ್ಲ. ದೋರನಹಳ್ಳಿ ದಾಟುವಾಗ ಬಸ್ಸಿಗೆ ಕಾದವರೆಲ್ಲ ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ನಾನು ಕಾಣದವನಂತೆ ಮುಖ ಗಂಭೀರ ಮಾಡಿಕೊಳ್ಳುತ್ತಿದ್ದೆ. ಹಾಡು ಹಾಕುವ ಪರದೆಯನ್ನು ನಾನು ಮುಟ್ಟಿದವನೇ ಅಲ್ಲ. ಅಂಥ ಎಂಜಿನ್ ಇರುವಾಗ ಹಾಡು ಯಾರಿಗೆ ಬೇಕು?

ಮೂರನೆಯ ತಿಂಗಳಲ್ಲಿ ಸದ್ದು ಶುರುವಾಯಿತು. ಮಹಾದೇವಿಯ ತವರಾದ ಸುರಪುರಕ್ಕೆ ಹೋಗಿ ಬಂದ ಮಾರನೆಯ ಬೆಳಿಗ್ಗೆ, ಎಂಜಿನ್ನಿನ ಸುತ್ತುಗಳನ್ನು ಸಾವಿರದ ಲೆಕ್ಕದಲ್ಲಿ ತೋರಿಸುವ ಮುಳ್ಳು ಮೂರು ದಾಟಿದ ಕೂಡಲೇ, ಗರ್ಜನೆಯ ಒಳಗಿನಿಂದ ‘ಟರ್ರ್... ಚಿರ್ರ್...’ ಎಂದು ಬಂತು. ಮುಳ್ಳು ಇಳಿಸಿದರೆ ನಿಂತಿತು, ಏರಿಸಿದರೆ ಮತ್ತೆ ಬಂತು. "ಏನದು ಸಪ್ಪಳ?" ಎಂದಳು ಮಹಾದೇವಿ. "ಏನಿಲ್ಲ, ಎಂಜಿನ್ ಬಿಸಿ ಆಗಾಕತ್ತದ" ಎಂದೆ. ಗೊತ್ತಿಲ್ಲದ ವಿಷಯವನ್ನು ಗಟ್ಟಿಯಾಗಿ ಹೇಳುವುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಕಷ್ಟವೇನಲ್ಲ. ಆದರೆ ಎದುರಿಗಿದ್ದವಳೂ ಪಾಠ ಹೇಳುವವಳೇ.

ನಮ್ಮ ಕಡೆ ಖಾಲಿ ಸೀಟು ಇಟ್ಟುಕೊಂಡು ಪರಿಚಿತರನ್ನು ದಾಟಿ ಹೋಗುವಂತಿಲ್ಲ. ಹೋದರೆ ಸಂಜೆಗೆ ಸುದ್ದಿಯಾಗುತ್ತದೆ. ಹಾಗಾಗಿ ದಿನಕ್ಕೊಬ್ಬರು ಹಿಂದಿನ ಸೀಟಿಗೆ ಹತ್ತುತ್ತಿದ್ದರು, ಹತ್ತಿದವರೆಲ್ಲ ಸದ್ದು ಕೇಳುತ್ತಿದ್ದರು, ಕೇಳಿದವರೆಲ್ಲ ರೋಗ ಹೇಳುತ್ತಿದ್ದರು. ದೋರನಹಳ್ಳಿಯ ಹಿಟ್ಟಿನ ಗಿರಣಿಯ ಸಿದ್ರಾಮಪ್ಪ ಕಣ್ಣು ಮುಚ್ಚಿ ಎರಡು ಕಿಲೋಮೀಟರ್ ಆಲಿಸಿ, "ಪಟ್ಟಾ ಹರಿಯಾಕ ಬಂದದ್ರಿ ಮಾಸ್ತರ್ರ, ನಮ್ಮ ಗಿರಣಿ ಹಿಂಗಽ ಮಾಡತಿತ್ತು, ಆಮ್ಯಾಲ ಒಂದಿನ ಫಟ್ ಅಂತು" ಎಂದರು. ಆ ‘ಫಟ್’ ಎನ್ನುವಾಗ ಅವರು ಕೈ ತಟ್ಟಿದ ರೀತಿಗೆ ಮಹಾದೇವಿ ಸೆರಗು ಬಿಗಿ ಹಿಡಿದಳು. ನಮ್ಮ ಕಾಲೇಜಿನ ರಸಾಯನಶಾಸ್ತ್ರದವರು ಪೆಟ್ರೋಲಿನಲ್ಲಿ ನೀರಿದೆ ಎಂದರು. ಅವರು ಹಾಲು, ಜೇನುತುಪ್ಪ, ವಿದ್ಯಾರ್ಥಿಗಳ ಉತ್ತರ ಎಲ್ಲದರಲ್ಲೂ ನೀರು ಕಾಣುವವರು. ಆಸ್ಪತ್ರೆಗೆ ಹೊರಟಿದ್ದ ಒಬ್ಬ ಮುದುಕಿ ಮಾತ್ರ, "ಏನಿಲ್ಲಪ್ಪಾ, ಕೆಂಪು ಗಾಡಿ, ಮಂದಿ ಕಣ್ಣು ಬಿದ್ದಾದ" ಎಂದು ಸಮಾಧಾನ ಹೇಳಿದಳು. ನಿಜ ಹೇಳುತ್ತೇನೆ, ಆ ವಾರ ನನಗೆ ಹೆಚ್ಚು ಒಪ್ಪಿಗೆಯಾದ ಅಭಿಪ್ರಾಯ ಅದೇ.

ಕೊನೆಗೆ ಕಲಬುರಗಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಗಾಜಿನ ಕೋಣೆ, ತಣ್ಣನೆ ಗಾಳಿ, ಒಗೆದ ಅಂಗಿಯ ಹುಡುಗರು. ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ಗಾಡಿಯ ಜಾತಕ ನೋಡಿದರು. ಯಾವ ದೋಷವೂ ಇರಲಿಲ್ಲ. ಓಡಿಸಿ ನೋಡಿದರು, ಸದ್ದೂ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಗುಂಡಿ ಒತ್ತಿರಲಿಲ್ಲ. ಒತ್ತಿ ಎಂದು ಹೇಳಲು ನನಗೆ ನಾಚಿಕೆ. ಮಗನ ವಯಸ್ಸಿನ ಹುಡುಗರ ಮುಂದೆ, ಬೋಳುತಲೆಯ ಇತಿಹಾಸದ ಮಾಸ್ತರ, ನಾನು ದಿನಾ ಗರ್ಜಿಸಿಕೊಂಡು ಕಾಲೇಜಿಗೆ ಹೋಗುತ್ತೇನೆ ಎಂದು ಹೇಗೆ ಹೇಳಲಿ? ಅವರು ಒಂದು ಕಾಗದ ಕೊಟ್ಟರು. ಏನಾದರೂ ಸದ್ದು ಬಂದರೆ ಅದು ಈ ಮಾದರಿಯ ಸಹಜ ಗುಣ ಎಂದು ಅದರಲ್ಲಿತ್ತು. ಆ ಕಾಗದವನ್ನು ಮಹಾದೇವಿಗೆ ತೋರಿಸಿದೆ. ಆಕೆ ಪೂರ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟು, "ನಿಮ್ಮದೂ ಸಹಜ ಗುಣ ಅಂತಽ ನಮ್ಮವ್ವ ಸಮಾಧಾನ ಹೇಳತಿದ್ದಳು" ಎಂದಳು.

ಮರುದಿನದಿಂದ ಆಕೆ ಬಸ್ಸಿಗೆ ಹೋದಳು. ಜಗಳವೇನೂ ಮಾಡಲಿಲ್ಲ. "ನೀವು ಬರ್ರಿ ನಿಮ್ಮ ಗಾಡಿ ತಗೊಂಡು. ನನಗ ಅದು ಫಟ್ ಅಂತದೇನೋ ಅಂತ ಜೀವ ಹಾರತದ. ದಸರಾದೊಳಗ ಸಪ್ಪಳ ಹೋಗಲಿಲ್ಲಂದ್ರ ಮಾರಿಬಿಡ್ರಿ" ಎಂದಳು. ಆಮೇಲೆ ನನ್ನ ಪ್ರಯಾಣಗಳು ಬಹಳ ದಣಿವಿನವಾದವು. ಮುಂದೆ ಬಸ್ಸು, ಬಸ್ಸಿನೊಳಗೆ ಆಕೆ, ಹಿಂದೆ ನಾನು. ಹಿಂದಿಕ್ಕುವ ಶಕ್ತಿ ಗಾಡಿಗೆ ಬೇಕಾದಷ್ಟಿತ್ತು, ಮನಸ್ಸಿರಲಿಲ್ಲ. ಪಕ್ಕದ ಸೀಟಿನ ಮೇಲೆ ಆಕೆ ಇರಬೇಕಾದ ಕಡೆ ನನ್ನ ಊಟದ ಡಬ್ಬಿ ಕೂತಿರುತ್ತಿತ್ತು. ಅದಕ್ಕೆ ಯಾವ ವಿಷಯದಲ್ಲೂ ಅಭಿಪ್ರಾಯವಿರಲಿಲ್ಲ. ಒಬ್ಬನೇ ಇದ್ದಾಗಲೂ ನಾನು ಮುಳ್ಳನ್ನು ಮೂರಕ್ಕೆ ಏರಿಸುತ್ತಿದ್ದೆ, ಇಳಿಸುತ್ತಿದ್ದೆ, ಆಲಿಸುತ್ತಿದ್ದೆ. ಮೊಬೈಲಿನಲ್ಲಿ ಪರದೇಶದ ಮೆಕ್ಯಾನಿಕರು ಇಂಜೆಕ್ಟರು, ಟರ್ಬೊ, ಬೇರಿಂಗು ಎಂದು ಹೇಳಿದ್ದನ್ನೆಲ್ಲ ನೋಡಿ ನೋಡಿ, ತರಗತಿಯಲ್ಲಿ ಕುದುರೆ ಸೈನ್ಯದ ಪಾಠ ಹೇಳುವಾಗ ಆ ಕುದುರೆಗಳ ಬೇರಿಂಗಿನ ಬಗ್ಗೆ ಯೋಚಿಸುವ ಸ್ಥಿತಿಗೆ ಬಂದಿದ್ದೆ.

ದಸರೆಗೆ ಇನ್ನೊಂದು ವಾರ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಸೋತು ಮಹಬೂಬ್ ಚಾಚಾನ ಗ್ಯಾರೇಜಿಗೆ ಹೋದೆ. ಶಹಾಪುರದಲ್ಲಿ ಟ್ರ್ಯಾಕ್ಟರು, ಜೀಪು ರಿಪೇರಿ ಮಾಡಿಕೊಂಡು ಮುದುಕನಾದ ಮನುಷ್ಯ. ಮಹಾದೇವಿಯೂ ಬಂದಳು, ಗಾಡಿಯ ಬಗ್ಗೆ ಕೊನೆಯ ಮಾತು ಕೇಳುವುದಿದ್ದರೆ ತಾನೇ ಕೇಳಬೇಕು ಎಂದು. ಚಾಚಾ ಬಾನೆಟ್ ಎತ್ತಿಸಿ, ಒಂದು ಉದ್ದನೆಯ ಕಬ್ಬಿಣದ ಸಲಾಕಿಯ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಬಹಳ ಹೊತ್ತು ನಿಂತರು. "ಎಂಜಿನ್ ಬಿಲ್ಕುಲ್ ಸಾಫ್ ಅದ ಸಾಬ್. ಬೆಣ್ಣಿ ಹಂಗ ತಿರಗತದ" ಎಂದರು. ಆಮೇಲೆ ಪಕ್ಕದ ಸೀಟಿಗೆ ಬಂದು ಕೂತರು. ಗಿರಾಕಿಯ ಗಾಡಿಯನ್ನು ಅವರು ತಾವೇ ಓಡಿಸುವುದಿಲ್ಲ. "ನೀವು ದಿನಾ ಹೆಂಗ ಹೊಡೀತೀರಿ ಹಂಗಽ ಹೊಡೀರಿ, ನಾ ನೋಡತೀನಿ" ಎನ್ನುವುದು ಅವರ ಪದ್ಧತಿ. ಹಿಂದೆ ಮಹಾದೇವಿ. ಸಗರದ ರಸ್ತೆ ಖಾಲಿ ಇತ್ತು. ಸಭ್ಯನಂತೆ ಒಂದು ಮೈಲಿ ಓಡಿಸಿದೆ. ಸದ್ದಿಲ್ಲ. ಹಿಂದಿನಿಂದ ಮಹಾದೇವಿ, "ಆ ಗುಂಡಿ ಒತ್ತರಿ, ದಿನಾ ಒತ್ತತೀರಲ್ಲ" ಎಂದಳು. ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಒತ್ತಿದೆ. ಗಾಡಿ ಗರ್ಜಿಸಿತು, ಮುಳ್ಳು ಮೂರು ದಾಟಿತು, ‘ಟರ್ರ್... ಚಿರ್ರ್...’

ಚಾಚಾ ಮುಂದೆ ನೋಡಲೇ ಇಲ್ಲ. ತಮ್ಮ ಎಡಗಡೆಯ ಬಾಗಿಲಿಗೆ ಅಂಗೈ ಇಟ್ಟರು. "ಬಾಜೂಕ ಹಚ್ಚರಿ" ಎಂದರು. ರಸ್ತೆಯ ಬದಿಗೆ ನಿಲ್ಲಿಸಿದೆ. ಅವರು ಇಳಿದು, ಸ್ಕ್ರೂ ಬಿಚ್ಚಿ, ಬಾಗಿಲಿನ ಒಳಹೊದಿಕೆ ತೆಗೆದರು. ಅಲ್ಲಿ ದುಂಡನೆಯ ಒಂದು ಸ್ಪೀಕರು. ಅದರ ಮುಂದಿನ ಜಾಲರಿಯ ಮೇಲಿನ ಮೂಲೆ ಮುರಿದಿತ್ತು. ಒಳಗೆ, ಸ್ಪೀಕರಿನ ಕೆಳಗಿನ ಅಂಚಿನಲ್ಲಿ, ಒಂದು ಹಿಡಿ ಅಕ್ಕಿ, ಅರಿಶಿಣ ಹತ್ತಿದ್ದು.

ನಾವು ಮೂವರೂ ಅಕ್ಕಿಯನ್ನು ನೋಡಿದೆವು. ಅದು ಸುರಪುರದ ಅಕ್ಕಿ. ತವರಿನಿಂದ ಹೊರಡುವಾಗ ಮಹಾದೇವಿಗೆ ಅವರವ್ವ ಉಡಿ ತುಂಬಿದ್ದರು. ದಕ್ಷಿಣದವರು ಮಡಿಲಕ್ಕಿ ಎನ್ನುತ್ತಾರಲ್ಲ, ಅದೇ. ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಆಕೆ ನೆಲಮಟ್ಟದ ಆ ಸೀಟಿಗೆ ಜಾರಿ ಬೀಳುವಾಗ ಸೆರಗಿನ ಒಂದು ಮೂಲೆ ಸಡಿಲಿತ್ತು. ಬಿದ್ದದ್ದನ್ನು ಆರಿಸಿಕೊಂಡಳು, ಬಾಗಿಲಿನೊಳಗೆ ಹೋದದ್ದು ಯಾರಿಗೂ ಕಾಣಲಿಲ್ಲ. ನಾನು ದಿನಾ ಗುಂಡಿ ಒತ್ತಿ ಆ ಅಕ್ಕಿಯನ್ನು ಕುಣಿಸುತ್ತಿದ್ದೆ. ಗೆದ್ದವನಂತೆ ಹೆಂಡತಿಯ ಮುಖ ನೋಡಿದೆ. ಆಕೆ ಒಂದೊಂದೇ ಕಾಳು ಆರಿಸಿ ಕರವಸ್ತ್ರಕ್ಕೆ ಹಾಕಿಕೊಳ್ಳುತ್ತ, "ಇಷ್ಟು ದಿನ ನೀವು ಹೊಡೆದರೂ ಗಾಡಿಗಿ ಏನೂ ಆಗಿಲ್ಲ ಯಾಕ ಅಂತ ಈಗ ಗೊತ್ತಾತು. ನಮ್ಮವ್ವನ ಉಡಿ ಕಾದದ" ಎಂದಳು. ನನ್ನ ಗೆಲುವು ಅಲ್ಲಿಗೆ ಮುಗಿಯಿತು.

ಆದರೆ ನನ್ನ ನಿಜವಾದ ಸೋಲು ಇನ್ನೂ ಬಾಕಿ ಇತ್ತು. ಚಾಚಾ ಆ ಸ್ಪೀಕರಿನ ವೈರು ಕಿತ್ತು, ಹಾಡಿನ ಪೆಟ್ಟಿಗೆಯ ಫ್ಯೂಸನ್ನೂ ತೆಗೆದು, "ಈಗ ರೇಸ್ ಮಾಡ್ರಿ" ಎಂದರು. ಗುಂಡಿ ಒತ್ತಿ ಕಾಲು ಊರಿದೆ. ಏನೂ ಕೇಳಲಿಲ್ಲ. "ಚಾಚಾ, ಎಂಜಿನ್ ಬಂದ್ ಬಿತ್ತು!" ಎಂದು ಕೂಗಿದೆ. "ಮುಳ್ಳು ನೋಡ್ರಿ ಸಾಬ್" ಎಂದರು. ಮುಳ್ಳು ನಾಲ್ಕರಲ್ಲಿತ್ತು. ಎಂಜಿನ್ ಹೊಲಿಗೆ ಯಂತ್ರದಂತೆ ಸಣ್ಣಗೆ ತಿರುಗುತ್ತಿತ್ತು. ಚಾಚಾ ಬಹಳ ಮೆತ್ತಗೆ, ಕೆಟ್ಟ ಸುದ್ದಿ ಹೇಳುವ ಡಾಕ್ಟರಂತೆ ಹೇಳಿದರು: "ಹೊಸ ಗಾಡಿಗೋಳು ಹಂಗಽ ರೀ. ಆ ಗುರ್ ಅನ್ನೋ ಆವಾಜೂ ಸ್ಪೀಕರಿಂದಽ ಬರ್ತದ. ಕಂಪನಿಯವ್ರು ತುಂಬಿ ಕೊಟ್ಟಿರ್ತಾರ." ನನ್ನ ಎದೆ ನಡುಗಿಸಿದ ಗರ್ಜನೆ ಒಂದು ಧ್ವನಿಮುದ್ರಣ. ಅದು ಕಿಟಕಿಯಿಂದ ಆಚೆಗೆ ಯಾರಿಗೂ ಕೇಳಿಸಿಯೇ ಇರಲಿಲ್ಲ. ದೋರನಹಳ್ಳಿಯಲ್ಲಿ ಬಸ್ಸಿಗೆ ಕಾದವರು ತಿರುಗಿ ನೋಡುತ್ತಿದ್ದದ್ದು ಹಿಂದಿನ ಸೀಟು ಖಾಲಿ ಇದೆಯೇ ಎಂದು. ಬಹಳ ಬೇಜಾರಾಯಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತೆ.

"ಫ್ಯೂಸ್ ಹಾಕಿ ವಾಪಸ್ ಜೋಡಸ್ಲೇನ್ರಿ?" ಎಂದು ಚಾಚಾ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಮಹಾದೇವಿ ಮುಂದಿನ ಸೀಟಿಗೆ ಬಂದು ಕೂತು, ಉಡಿಯ ಅಕ್ಕಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, "ಬ್ಯಾಡ್ರಿ ಚಾಚಾ. ಹಿಂಗಽ ಇರ್ಲಿ. ಮಾತಾಡಿದ್ದು ಕೇಳತದ" ಎಂದಳು. ಆಕೆ ಅಲ್ಲಿ ಕೂತದ್ದೇ ಸಾಕಾಗಿತ್ತು. ನಾನೂ ಇರಲಿ ಎಂದೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಬಸ್ಸನ್ನು ದಾಟಿದೆವು. ಮಹಾದೇವಿ ಹೊಸ ಹೆಡ್ಮಾಸ್ತರರ ಬಗ್ಗೆ ಹೇಳುತ್ತಿದ್ದಳು, ಪ್ರತಿ ಅಕ್ಷರವೂ ಕೇಳುತ್ತಿತ್ತು. ಒಂದು ಕಡೆ ರಸ್ತೆ ಖಾಲಿ ಸಿಕ್ಕಿತು. ಗೇರು ಬದಲಿಸಿ ಕಾಲು ಊರಿದೆ. ಆಕೆ ಮಾತು ನಿಲ್ಲಿಸಿ, "ರೀ, ಮತ್ತ ಸಪ್ಪಳ ಬರಾಕತ್ತದ!" ಎಂದಳು. ನಿಧಾನಿಸಿದೆ, ಸದ್ದು ನಿಂತಿತು. ಮತ್ತೆ ಗೇರು ಹಾಕಿದೆ. ಗುರ್ ಎಂದು ಸಣ್ಣಗೆ ಬಂತು. ಆಕೆ ಬಾಗಿಲಿಗೆ ಕಿವಿ ಇಟ್ಟಳು, ಕಾಲ ಬಳಿ ಬಾಗಿದಳು, ಕೊನೆಗೆ ನೆಟ್ಟಗೆ ಕೂತು ನನ್ನ ಮುಖವನ್ನೇ ನೋಡಿದಳು. "ಒಂದೀಟು ಬಾಯಿ ಮುಚ್ಚಿಕೊಂಡು ಹೊಡೀರಿ ನೋಡೂಣು" ಎಂದಳು. ತುಟಿ ಬಿಗಿ ಹಿಡಿದು ಗೇರು ಹಾಕಿದೆ. ಮುಳ್ಳು ಮೂರು ದಾಟಿತು. ಯಾವ ಸದ್ದೂ ಬರಲಿಲ್ಲ.